ಗುರುವಾರ ಬೇಡ ಅಕ್ಕಾ

ಅಕ್ಕಾ,

ನಿನ್ನ ಕಾಗದ, ಎಕ್ಸ್‌ರೇ ಫೋಟೋ, ರಕ್ತದ ರಿಪೋರ್ಟು ಮೂರೂ ಬಂದವು. ಇಲ್ಲಿ ಇಂಗ್ಲೆಂಡಿನಲ್ಲಿ ನಾವೆಲ್ಲ ಕ್ಷೇಮ. ಸುಧಾಗೆ ನೆಗಡಿ, ಪುಟ್ಟಿಗೆ ಪರೀಕ್ಷೆ, ಸಂಜೆ ನಾಲ್ಕಕ್ಕೇ ಕತ್ತಲೆ, ಇಷ್ಟೇ ಸಮಾಚಾರ. ಭಾವ, ಗಿರಿ ಎಲ್ಲ ಚೆನ್ನಾಗಿದ್ದಾರೆ ಅಂದುಕೊಂಡಿದ್ದೀನಿ.

ಅಪ್ಪನ ಬಲಗಡೆ ಹಿಪ್, ಅಂದರೆ ತೊಡೆ ಎಲುಬು ಸೊಂಟಕ್ಕೆ ಸೇರೋ ಕೀಲು, ಬದಲಾಯಿಸೋ ಆಪರೇಷನ್ನಿಗೆ ರೋಬೋಟ್ ಬೇಕಾ, ಸೆರಾಮಿಕ್ ಬೇಕಾ ಅಂತ ಕೇಳಿದ್ದೀಯ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಇದನ್ನು ಓದು: ಮುಂದಿನ ಗುರುವಾರದ ಡೇಟ್ ಬೇಡ. ಹೋದ ತಿಂಗಳು ಬೇರೆ ಡಾಕ್ಟರ ಹತ್ತಿರ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿದ್ವಿ, ಎರಡು ವಾರ ಆರಾಮಾಗಿದ್ರು ಅಂತ ಕಾಗದದ ಕೊನೇಲಿ ಒಂದು ಸಾಲು ಬರೆದಿದ್ದೀಯಲ್ಲ, ನನ್ನ ನಿದ್ದೆ ಕೆಡಿಸಿದ್ದು ಆ ಸಾಲು. ಸ್ಟೀರಾಯ್ಡ್ ಹೋದ ಕೀಲನ್ನು ಮೂರು ತಿಂಗಳೊಳಗೆ ಬದಲಾಯಿಸಿದರೆ ಸೋಂಕಿನ ಅಪಾಯ ಹೆಚ್ಚು. ಅದಕ್ಕೇ ಕೊನೇ ಇಂಜೆಕ್ಷನ್‌ನಿಂದ ಮೂರು ತಿಂಗಳು ಎಣಿಸಿ ಆಪರೇಷನ್ ಇಡೋದು. ಈಗಿನ ಡಾಕ್ಟರಿಗೆ ಈ ವಿಷಯ ಗೊತ್ತೇ ಇಲ್ಲದಿರಬಹುದು. ನಾಳೆನೇ ಫೋನ್ ಮಾಡಿ ತಾರೀಖು ಸಮೇತ ಹೇಳು. ಕೇಳಿದ ಮೇಲೆ ಅವರೇ ಮುಂದಕ್ಕೆ ಹಾಕ್ತಾರೆ, ನೋಡ್ತಿರು.

ಮುಂದೂಡಿದರೆ ಕಾಯಿಲೆ ಬಲಿಯತ್ತೆ ಅಂತ ಹೆದರಬೇಡ. ಇದು ಎಲುಬು ಮುರಿದ ಕೇಸಲ್ಲ. ತೊಡೆ ಎಲುಬಿನ ಕುತ್ತಿಗೆ ಮುರಿದಿದ್ದರೆ ಅವತ್ತೋ ಮಾರನೇ ದಿನವೋ ಆಪರೇಷನ್ ಆಗಲೇಬೇಕು, ತಡವಾದಷ್ಟೂ ಪ್ರಾಣಕ್ಕೆ ಕಷ್ಟ. ಅಪ್ಪನದು ಸವೆತ, ವರ್ಷಗಟ್ಟಲೆ ಆಗಿರೋದು. ಎರಡು ತಿಂಗಳು ಕಾದರೆ ಕೀಲು ಈಗಿರೋದಕ್ಕಿಂತ ಹೇಳಿಕೊಳ್ಳೋ ಹಾಗೆ ಕೆಡಲ್ಲ. ಆ ಎರಡು ತಿಂಗಳಲ್ಲಿ ಮಾಡೋ ಕೆಲಸವೇ ಬೇಕಾದಷ್ಟಿದೆ.

ಎಕ್ಸ್‌ರೇ ವಿಷಯ. ಬಲಗಡೆ ತೊಡೆ ಎಲುಬಿನ ಚೆಂಡಿಗೂ ಅದು ಕೂರೋ ಬಟ್ಟಲಿಗೂ ನಡುವೆ ಒಂದು ಕಪ್ಪು ಸಂದು ಕಾಣಬೇಕು, ಎಡಗಡೆ ಕಾಣ್ತಿದೆ ನೋಡು. ಅದು ಖಾಲಿ ಜಾಗ ಅಲ್ಲ, ಎಕ್ಸ್‌ರೇಯಲ್ಲಿ ಕಾಣದ ಮೃದ್ವಸ್ಥಿ. ಬಲಗಡೆ ಮೇಲ್ಭಾಗದಲ್ಲಿ ಅದು ಪೂರ್ತಿ ಹೋಗಿ ಎಲುಬು ಎಲುಬಿಗೆ ತಾಗಿದೆ. ಅಂಚಿನಲ್ಲಿ ಮುಳ್ಳಿನ ಹಾಗೆ ಬೆಳೆದಿರೋದೂ ಅದರದ್ದೇ ಲಕ್ಷಣ. ಡಾಕ್ಟರು ಹೇಳಿದ್ದು ಸರಿಯಾಗಿದೆ, ಎರಡನೇ ಮಾತಿಲ್ಲ.

ಎರಡು ವರ್ಷ ಮಂಡಿಗೆ ಎಣ್ಣೆ ತಿಕ್ಕಿದ್ದಕ್ಕೆ ನೀನು ಪಶ್ಚಾತ್ತಾಪ ಪಡೋದೇನೂ ಬೇಡ. ತಪ್ಪು ನಮ್ಮ ಮಾತಿನದ್ದು. ನಾವು ಸೊಂಟ ನೋವು ಅಂದರೆ ಬೆನ್ನಿನ ಕೆಳಗಡೆ ಕೈ ಇಟ್ಟು ತೋರಿಸ್ತೀವಿ. ಹಿಪ್ ಕೀಲಿನ ನೋವು ಬರೋದು ತೊಡೆಸಂದಿಯಲ್ಲಿ, ಅಲ್ಲಿಂದ ತೊಡೆ ಮುಂಭಾಗದಲ್ಲಿ ಇಳಿದು ಮಂಡಿವರೆಗೂ ಹೋಗತ್ತೆ. ಎಷ್ಟೋ ಜನಕ್ಕೆ ಮಂಡಿ ಒಂದೇ ನೋಯತ್ತೆ, ಮಂಡಿ ಎಕ್ಸ್‌ರೇ ಮಾತ್ರ ಚೆನ್ನಾಗೇ ಇರತ್ತೆ. ಇಂಥ ಕಡೆ ಕಾಲನ್ನು ಒಳಕ್ಕೆ ತಿರುಗಿಸಿ ನೋಡಿದರೆ ಗೊತ್ತಾಗತ್ತೆ, ಹಿಪ್ ಸವೆದಾಗ ಮೊದಲು ಹೋಗೋದು ಆ ತಿರುಗು. ಅಪ್ಪ ಬಲಗಾಲಿನ ಉಗುರು ಕತ್ತರಿಸಿಕೊಳ್ಳೋಕೆ ಗಿರಿನ ಕರೀತಾರೆ ಅಂದೆಯಲ್ಲ, ಅದೇ ಲಕ್ಷಣ.

ಇನ್ನು ಸಕ್ಕರೆ. ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 8.9 ಅಂತಿದೆ. ಇಲ್ಲಿ 8.5 ದಾಟಿದರೆ ಸಾಮಾನ್ಯವಾಗಿ ಮೊದಲು ಸಕ್ಕರೆ ಇಳಿಸಿಕೊಂಡು ಬನ್ನಿ ಅಂತಾರೆ, ಕೆಲವರು 7.5ಕ್ಕೇ ಪಟ್ಟು ಹಿಡೀತಾರೆ. ಈ ಸಂಖ್ಯೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ, ಹಿಂದಿನ ದಿನ ಉಪವಾಸ ಮಾಡಿ ಇಳಿಸೋಕಾಗಲ್ಲ. ಸಕ್ಕರೆ ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಕೊನೇಲಿ 'ಫ್ಲೋಜಿನ್' ಅಂತಿರೋ ಹೆಸರೇನಾದರೂ ಇದ್ದರೆ ಅರಿವಳಿಕೆ ಡಾಕ್ಟರಿಗೆ ಕಡ್ಡಾಯವಾಗಿ ಹೇಳು. ಅದನ್ನು ಆಪರೇಷನ್‌ಗೆ ಮೂರು ದಿನ ಮೊದಲೇ ನಿಲ್ಲಿಸ್ತಾರೆ, ಇಲ್ಲದಿದ್ದರೆ ಸಕ್ಕರೆ ಸರಿಯಾಗಿ ಕಂಡರೂ ರಕ್ತದಲ್ಲಿ ಆಮ್ಲ ಏರೋ ಅಪಾಯ ಇದೆ. ರಕ್ತ ತೆಳು ಮಾಡೋ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಹೃದಯದ ಡಾಕ್ಟರೂ ಸರ್ಜನ್ನೂ ಮಾತಾಡಿಕೊಂಡು ಹೇಳಲಿ.

ಹಿಮೋಗ್ಲೋಬಿನ್ 10.8 ಕಡಿಮೆ ಆಯ್ತು. ಕಾರಣ ಹುಡುಕಿಸಿ, ಕಬ್ಬಿಣದ ಕೊರತೆ ಇದ್ದರೆ ಈಗಲೇ ಔಷಧಿ ಶುರುವಾಗಲಿ. ರಕ್ತ ಕಮ್ಮಿ ಇಟ್ಟುಕೊಂಡು ಹೋದವರಿಗೇ ಆಮೇಲೆ ಬಾಟಲಿ ಏರಿಸಬೇಕಾಗೋದು. ಅಲ್ಲಾಡ್ತಿರೋ ಹಲ್ಲು ಕೀಳಿಸಿ, ಕೀವು ಇದ್ದರೆ ಅದು ಒಣಗಿದ ಮೇಲೆಯೇ ಆಪರೇಷನ್. ಪಾದದ ಗಾಯ, ಬೆರಳ ಸಂದಿನ ಹುಣ್ಣು, ಕೆರೆದುಕೊಂಡ ಚರ್ಮ ಎಲ್ಲ ಸರಿಯಾಗಿರಬೇಕು. ಹಿಂದಿನ ರಾತ್ರಿ ಮನೇಲಿ ಬ್ಲೇಡು ಹಿಡಿದು ತೊಡೆ ಬೋಳಿಸೋಕೆ ಹೋಗಬೇಡಿ, ಕಣ್ಣಿಗೆ ಕಾಣದ ಗೀರುಗಳಲ್ಲಿ ಬ್ಯಾಕ್ಟೀರಿಯಾ ಕೂತುಬಿಡತ್ತೆ. ಕೂದಲು ತೆಗೀಲೇಬೇಕಿದ್ದರೆ ಅವರೇ ಅಲ್ಲಿ ಕ್ಲಿಪ್ಪರಿನಲ್ಲಿ ತೆಗೀತಾರೆ. ಮತ್ತೆ ಬೀಡಿ. ಕಮ್ಮಿ ಮಾಡಿದ್ದೀನಿ ಅನ್ನೋ ಕಥೆ ಬೇಡ, ನಾಲ್ಕು ವಾರ ಮುಂಚಿನಿಂದ ಪೂರ್ತಿ ಬಂದ್.

ಸೋಂಕು ಸೋಂಕು ಅಂತ ಯಾಕಿಷ್ಟು ಬಡಕೊಳ್ತೀನಿ ಅಂದರೆ, ಒಳಗೆ ಕೂರಿಸೋ ಲೋಹದ ಕೀಲಿನ ಮೇಲೆ ರಕ್ತ ಓಡಾಡಲ್ಲ. ಬ್ಯಾಕ್ಟೀರಿಯಾ ಅಲ್ಲಿ ಅಂಟಿಕೊಂಡು ತನ್ನ ಮೇಲೆ ತಾನೇ ಲೋಳೆಯ ಹೊದಿಕೆ ಎಳೆದುಕೊಳ್ಳತ್ತೆ, ಆಂಟಿಬಯೋಟಿಕ್ ಅದರೊಳಗೆ ಇಳಿಯಲ್ಲ. ಬೇಗ ಗೊತ್ತಾದರೆ ಮತ್ತೆ ತೆರೆದು ತೊಳೆದು, ಚೆಂಡು ಮತ್ತು ಪ್ಲಾಸ್ಟಿಕ್ ಬದಲಾಯಿಸಿ ಉಳಿಸಿಕೊಳ್ಳಬಹುದು. ತಡವಾದರೆ ಎಲ್ಲ ಭಾಗ ಕಿತ್ತು, ಆಂಟಿಬಯೋಟಿಕ್ ಕಲಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಟ್ಟು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇನ್ನೊಂದು ಆಪರೇಷನ್. ನೂರಕ್ಕೆ ಒಬ್ಬರಿಗೆ ಆಗೋ ಮಾತು ಅಷ್ಟೇ, ಆದರೆ ಆ ಒಬ್ಬರಲ್ಲಿ ಸಕ್ಕರೆ ಇರೋರು, ಬೀಡಿ ಸೇದೋರೇ ಹೆಚ್ಚು.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಹಾಕೋದು ನಾಲ್ಕು ಭಾಗ. ಸೊಂಟದ ಎಲುಬಿನಲ್ಲಿ ಕೂರೋ ಲೋಹದ ಬಟ್ಟಲು, ಅದರೊಳಗೆ ಪ್ಲಾಸ್ಟಿಕ್ಕಿನದೋ ಸೆರಾಮಿಕ್ಕಿನದೋ ಲೈನರ್ ಅನ್ನೋ ಒಳಪದರ, ತೊಡೆ ಎಲುಬಿನ ಕೊಳವೆಯೊಳಗೆ ಇಳಿಯೋ ಕಾಂಡ, ಕಾಂಡದ ತುದಿಗೆ ಚೆಂಡು. ಚೆಂಡು ಲೈನರಿನಲ್ಲಿ ಉರುಳತ್ತೆ. ಸವೆಯೋದು ಆ ಒಂದು ಜಾಗ.

ಇದರ ಕಥೆ ಭಾವನಿಗೆ ಹೇಳು, ಅವರಿಗೆ ಇಷ್ಟ ಆಗತ್ತೆ. ಈಗಿನ ರೂಪದ ಆಪರೇಷನ್ ಶುರುವಾಗಿದ್ದು ಇಲ್ಲೇ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ, 1962ರ ನವೆಂಬರಿನಲ್ಲಿ, ಜಾನ್ ಚಾರ್ನ್‌ಲಿ ಅನ್ನೋ ಸರ್ಜನ್ ಕೈಲಿ. ಅದಕ್ಕೆ ಮುಂಚೆ ಆತ ಟೆಫ್ಲಾನ್ ಬಟ್ಟಲು ಹಾಕಿ ಕೈಸುಟ್ಟುಕೊಂಡಿದ್ದ, ಕೆಲವೇ ವರ್ಷಕ್ಕೆ ಎಲ್ಲ ಸವೆದು ಹೋದವು. ಆಮೇಲೆ ಸಿಕ್ಕ ಪಾಲಿಥೀನ್ ಇಲ್ಲಿನ ಮಗ್ಗದ ಯಂತ್ರಗಳ ಹಲ್ಲುಚಕ್ರಕ್ಕೆ ಬಳಸ್ತಿದ್ದ ಮಾಲು! ಎರಡರಲ್ಲಿ ಯಾವುದನ್ನು ಮೈ ಸಹಿಸತ್ತೆ ನೋಡೋಣ ಅಂತ ಪುಣ್ಯಾತ್ಮ ತನ್ನ ತೊಡೆಯೊಳಗೇ ಅವುಗಳ ಚೂರು ಹಾಕಿಸಿಕೊಂಡ. ಕೂರಿಸೋಕೆ ಬಳಸಿದ ಸಿಮೆಂಟು ಹಲ್ಲಿನ ಡಾಕ್ಟರುಗಳ ಅಕ್ರಿಲಿಕ್ಕು. ನಮ್ಮ ಕಡೆ ಜುಗಾಡ್ ಅಂತ ನಗ್ತೀವಲ್ಲ, ಇವರದೂ ಅದೇ, ಒಂದೇ ವ್ಯತ್ಯಾಸ ಅಂದರೆ ಎಲ್ಲ ಬರೆದಿಟ್ಟರು.

ಆ ಹಳೇ ಪ್ಲಾಸ್ಟಿಕ್ಕು ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೀತಿತ್ತು. ಅಷ್ಟೇನಾ ಅನಿಸತ್ತೆ. ಆದರೆ ಆ ಪುಡಿಯನ್ನು ತಿನ್ನೋಕೆ ಬಂದ ರಕ್ಷಣಾ ಕಣಗಳು ಕೆರಳಿ ಸುತ್ತಲಿನ ಎಲುಬನ್ನೇ ಕರಗಿಸ್ತಿದ್ದವು, ಬಟ್ಟಲು ಸಡಿಲ ಆಗ್ತಿತ್ತು. 1990ರ ದಶಕದ ಕೊನೆಗೆ ಬಂದಿದ್ದು ಕ್ರಾಸ್‌ಲಿಂಕ್ಡ್ ಪಾಲಿಥೀನ್. ವಿಕಿರಣ ಹಾಯಿಸಿ ಪ್ಲಾಸ್ಟಿಕ್ಕಿನ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕ್ತಾರೆ, ಆಮೇಲೆ ಬಿಸಿ ಮಾಡಿ, ಪ್ಲಾಸ್ಟಿಕ್ಕನ್ನು ಮುಂದೆ ಕೆಡಿಸೋ ಉಳಿಕೆ ರ‍್ಯಾಡಿಕಲ್‌ಗಳನ್ನು ಶಮನ ಮಾಡ್ತಾರೆ. ಕೆಲವರು ವಿಟಮಿನ್ ಇ ಕೂಡ ಬೆರೆಸ್ತಾರೆ. ಸವೆತ ತೀರಾ ಕಮ್ಮಿಯಾಯ್ತು. ನನ್ನನ್ನು ಕೇಳಿದರೆ ಹಿಪ್ ವಿಷಯದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಈಚೆಗೆ ಯಾವುದೂ ಆಗಿಲ್ಲ, ಜಾಹೀರಾತಿನಲ್ಲಿ ಮಾತ್ರ ಇದರ ಸುದ್ದಿನೇ ಇರಲ್ಲ. ಸವೆತ ಕಮ್ಮಿ ಆದ್ದರಿಂದಲೇ ದೊಡ್ಡ ಚೆಂಡು ಹಾಕೋ ಧೈರ್ಯ ಬಂತು. ಚಾರ್ನ್‌ಲಿಯದು 22 ಮಿಲಿಮೀಟರಿನ ಗೋಲಿ, ಈಗ 32, 36. ಚೆಂಡು ದೊಡ್ಡದಾದಷ್ಟೂ ಬಟ್ಟಲಿನಿಂದ ಜಾರಿ ಆಚೆ ಬೀಳೋಕೆ ದೂರ ಹೆಚ್ಚು.

ಆದ್ದರಿಂದ ಅಪ್ಪನಿಗೆ ಕ್ರಾಸ್‌ಲಿಂಕ್ಡ್ ಲೈನರ್, ಮೇಲೆ ಸೆರಾಮಿಕ್ ಚೆಂಡು ಸಾಕು. ಲೋಹದ ಚೆಂಡಾದರೂ 71ರ ವಯಸ್ಸಿಗೆ ಏನೂ ಕೊರತೆಯಿಲ್ಲ. ಸೆರಾಮಿಕ್ ಮೇಲೆ ಸೆರಾಮಿಕ್ ಅನ್ನೋದು ಚಿಕ್ಕ ವಯಸ್ಸಿನವರಿಗೆ ಯೋಚಿಸೋದು. ಅದರಲ್ಲಿ ಅಪರೂಪಕ್ಕೆ ನಡೆಯುವಾಗ ಬಾಗಿಲ ತಿರುಗಣಿ ಥರ ಕಿರುಗುಟ್ಟೋ ತಾಪತ್ರಯ ಬೇರೆ. ಲೋಹದ ಮೇಲೆ ಲೋಹ ಅಂತ ಯಾರಾದರೂ ಅಂದರೆ ಎದ್ದು ಬಾ. ಕೋಬಾಲ್ಟ್ ಕ್ರೋಮಿಯಂ ಪುಡಿ ಸುತ್ತಲಿನ ಮಾಂಸ ಕೊಳೆಸಿ, 2010ರಲ್ಲಿ ಎಎಸ್‌ಆರ್ ಅನ್ನೋ ಮಾದರಿಯನ್ನು ಪ್ರಪಂಚದಾದ್ಯಂತ ವಾಪಸ್ ತಗೊಂಡರು. ಹೊಸದು ಅಂದ ಮಾತ್ರಕ್ಕೆ ಒಳ್ಳೇದಲ್ಲ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಸಿಮೆಂಟ್ ಹಾಕ್ತಾರಂತೆ, ಅದು ಹಳೇ ಪದ್ಧತಿ ಅಲ್ವಾ ಅಂತ ಗಿರಿ ಕೇಳಿದ್ದಾನೆ. ಅಲ್ಲ ಕಣೋ ಅನ್ನು. ಸಿಮೆಂಟಿಲ್ಲದ ಕಾಂಡ ಬಿಗಿಯಾಗಿ ಹೊಡೆದು ಕೂರಿಸೋದು, ಅದರ ಒರಟು ಮೈಗೆ ಎಲುಬು ಬೆಳೆದು ಹಿಡ್ಕೋಬೇಕು. ಹೊಡೀತಾ ಹೋದ ಹಾಗೆ ಸುತ್ತಿಗೆಯ ಸದ್ದಿನ ಸ್ವರ ಏರತ್ತೆ, ಸ್ವರ ನಿಂತರೆ ಕಾಂಡ ಕೂತಿತು ಅಂತ ಲೆಕ್ಕ. ಅಲ್ಲಿಂದ ಮುಂದೆ ಒಂದು ಏಟು ಹೆಚ್ಚಾದರೂ ಟೊಳ್ಳು ಎಲುಬು ಸೀಳತ್ತೆ. ವಯಸ್ಸಾದವರ ಎಲುಬಿಗೆ ಈ ಭಯ ಇರೋದರಿಂದ ಸಿಮೆಂಟೇ ಮೇಲು. ಅದು ಅಂಟಲ್ಲ, ಗಾರೆ. 40 ಗ್ರಾಂ ಪುಡಿಗೆ 20 ಮಿಲಿ ದ್ರವ, ಗಾಳಿಗುಳ್ಳೆ ಉಳಿಯದ ಹಾಗೆ ನಿರ್ವಾತದಲ್ಲಿ ಕಲಸ್ತಾರೆ. ಮೊದಲು ಗ್ಲೌಸಿಗೆ ಅಂಟತ್ತೆ, ಅಂಟೋದು ನಿಂತ ಮೇಲೆ ಗನ್ನಿನಿಂದ ಎಲುಬಿನ ಕೊಳವೆಗೆ ತಳದಿಂದ ಮೇಲಕ್ಕೆ ತುಂಬಿಸಿ, ಒತ್ತಿ, ಕಾಂಡ ಇಳಿಸಿ ಅಲ್ಲಾಡಿಸದೆ ಹಿಡ್ಕೋತಾರೆ. ಗಟ್ಟಿಯಾಗುವಾಗ ಕಾವು ಬಿಡತ್ತೆ. ಕೋಣೆ ಬಿಸಿಯಿದ್ದರೆ ಬೇಗ ಗಟ್ಟಿಯಾಗತ್ತೆ, ಆದ್ದರಿಂದ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಒತ್ತೋ ಹೊತ್ತಿಗೆ ಕೊಬ್ಬಿನ ಕಣ ರಕ್ತಕ್ಕೆ ಸೇರಿ ಬಿಪಿ ದಿಢೀರನೆ ಇಳಿಯೋದುಂಟು, ಅದಕ್ಕೇ ತುಂಬೋ ಮುಂಚೆ ಎಲುಬಿನ ಒಳಗನ್ನು ಚೆನ್ನಾಗಿ ತೊಳೀತಾರೆ, 'ಸಿಮೆಂಟ್ ಹೋಗ್ತಿದೆ' ಅಂತ ಅರಿವಳಿಕೆ ಡಾಕ್ಟರಿಗೆ ಕೂಗಿ ಹೇಳ್ತಾರೆ. ಅಪ್ಪನ ಹೃದಯದ ಎಕೋ ರಿಪೋರ್ಟ್ ಮೊದಲೇ ಅವರ ಕೈಲಿರಬೇಕು ಅನ್ನೋದು ಇದಕ್ಕೇ.

ರೋಬೋಟ್. ಅದು ತಾನೇ ಆಪರೇಷನ್ ಮಾಡಲ್ಲ ಕಣೇ! ಮೊದಲೇ ಸಿಟಿ ಸ್ಕ್ಯಾನ್ ಮಾಡಿ ಬಟ್ಟಲು ಯಾವ ಕೋನದಲ್ಲಿ ಕೂರಬೇಕು ಅಂತ ಯೋಜನೆ ಹಾಕ್ತಾರೆ. ಎಲುಬು ಕೊರೆಯುವಾಗ, ಬಟ್ಟಲು ಬಡಿಯುವಾಗ ಯಂತ್ರದ ತೋಳು ಸರ್ಜನ್ ಕೈಯನ್ನು ಆ ಕೋನದಿಂದ ಆಚೆ ಹೋಗೋಕೆ ಬಿಡಲ್ಲ. ಸುಮಾರು 40 ಡಿಗ್ರಿ ಓರೆ, 15ರಿಂದ 20 ಡಿಗ್ರಿ ಮುಂದಕ್ಕೆ ತಿರುಗು ಅನ್ನೋದು ಸಾಮಾನ್ಯ ಲೆಕ್ಕ. ಕೋನದ ನಿಖರತೆ ಹೆಚ್ಚತ್ತೆ, ಅದು ನಿಜ. ಆದರೆ ನೋವಿನಲ್ಲಿ, ನಡಿಗೆಯಲ್ಲಿ, ಬಾಳಿಕೆಯಲ್ಲಿ ದೊಡ್ಡ ವ್ಯತ್ಯಾಸ ಅಂತ ಇನ್ನೂ ಸಾಬೀತಾಗಿಲ್ಲ. ಬೆನ್ನುಮೂಳೆ ಬಿಗಿದುಕೊಂಡವರಿಗೆ, ಮುಂಚೆ ಬೆನ್ನಿಗೆ ರಾಡು ಸ್ಕ್ರೂ ಹಾಕಿಸಿಕೊಂಡವರಿಗೆ ಕೋನದ ಲೆಕ್ಕ ಬೇರೆಯಾಗತ್ತೆ, ಅಲ್ಲಿ ಯಂತ್ರದ ಯೋಜನೆಗೆ ಅರ್ಥ ಇದೆ. ಅಪ್ಪನಿಗೆ ಹಾಗೇನಿಲ್ಲ. ರೋಬೋಟಿಗೆ ಕೊಡೋ ಹೆಚ್ಚಿನ ದುಡ್ಡನ್ನು ಫಿಸಿಯೋಗೆ ಕೊಡು.

ಮುಂದಿನಿಂದ ಕೊಯ್ಯೋದಾ ಹಿಂದಿನಿಂದಲಾ ಅನ್ನೋದೂ ಹೀಗೇ. ಮುಂದಿನಿಂದ ಹೋದರೆ ಎರಡು ಸ್ನಾಯುಗಳ ನಡುವೆ ಸರಿಸಿಕೊಂಡು ಹೋಗ್ತಾರೆ, ಕತ್ತರಿಸೋದು ಕಮ್ಮಿ, ಮೊದಲ ಕೆಲವು ವಾರ ಚೇತರಿಕೆ ಚುರುಕು. ಬದಲಿಗೆ ತೊಡೆಯ ಹೊರಗಡೆ ಚರ್ಮ ಜೋಮು ಹಿಡಿಯಬಹುದು. ಹಿಂದಿನಿಂದ ಹೋದರೆ ಸಣ್ಣ ಸ್ನಾಯುಗಳನ್ನು ಬಿಡಿಸಿ ಮತ್ತೆ ಹೊಲೀಬೇಕು, ಜಾರೋ ಅಪಾಯ ಅಲ್ಲಿ ಸ್ವಲ್ಪ ಜಾಸ್ತಿ. ಆರು ತಿಂಗಳು, ವರ್ಷ ಕಳೆದ ಮೇಲೆ ಎರಡೂ ಒಂದೇ. ಆ ಸರ್ಜನ್‌ಗೆ ಯಾವುದು ಕೈಗೆ ಕೂತಿದೆಯೋ ಅದನ್ನೇ ಮಾಡಲಿ. ನೀನು ಅವರನ್ನು ಕೇಳಬೇಕಾದ್ದು: ವರ್ಷಕ್ಕೆ ಎಷ್ಟು ಹಿಪ್ ಮಾಡ್ತೀರಿ, ಹಾಕೋ ಕಾಂಡ ಬಟ್ಟಲು ಎಷ್ಟು ವರ್ಷದಿಂದ ಬಳಕೆಯಲ್ಲಿದೆ, ಸೋಂಕಾದರೆ ನೀವೇ ನೋಡಿಕೊಳ್ತೀರಾ. ಡಿಸ್ಚಾರ್ಜ್ ಹಾಳೆಯ ಜೊತೆ ಇಂಪ್ಲಾಂಟಿನ ಸ್ಟಿಕರ್‌ಗಳನ್ನು ಕೇಳಿ ಇಸ್ಕೋ, ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರತ್ತೆ. ಮುಂದೆ ಯಾವತ್ತಾದರೂ ತೆರೆಯಬೇಕಾದರೆ ಆ ಸ್ಟಿಕರ್ ಇಲ್ಲದೆ ಡಾಕ್ಟರಿಗೆ ಕಣ್ಣು ಕಟ್ಟಿದ ಹಾಗೆ.

ಇಲ್ಲಿ ಅದಕ್ಕೊಂದು ರಾಷ್ಟ್ರೀಯ ರಿಜಿಸ್ಟರೇ ಇದೆ, 2003ರಿಂದ. ಸ್ವೀಡನ್ನಿನವರದು 1979ರಿಂದ. ಯಾವ ಮಾದರಿ ಎಷ್ಟು ವರ್ಷ ಬಾಳಿತು ಅಂತ ಎಲ್ಲ ಲೆಕ್ಕ. ಸತ್ತು ಸುಟ್ಟ ಮೇಲೆ ಉಳಿದ ಲೋಹವನ್ನೂ ಒಟ್ಟು ಮಾಡಿ ಕರಗಿಸಿ, ಬಂದ ದುಡ್ಡು ಧರ್ಮಕಾರ್ಯಕ್ಕೆ ಕೊಡ್ತಾರೆ ಈ ಜನ. ಈ ಸಾಲು ಅಪ್ಪನಿಗೆ ಓದಬೇಡ.

ಬದಲಿಗೆ ಇದನ್ನು ಓದು. ಹಾಕಿಸಿದರೆ ಹತ್ತೇ ವರ್ಷ ಬರೋದು ಅಂತ ಅವರು ಹಟ ಹಿಡಿದಿದ್ದಾರಲ್ಲ, ಅದು ಯಾವ ಕಾಲದ ಮಾತೋ. 2019ರಲ್ಲಿ ರಿಜಿಸ್ಟರುಗಳ ಲೆಕ್ಕ ಸೇರಿಸಿ ನೋಡಿದಾಗ 15 ವರ್ಷಕ್ಕೆ ನೂರರಲ್ಲಿ 89, 25 ವರ್ಷಕ್ಕೆ 58 ಹಿಪ್‌ಗಳು ಹಾಗೇ ಇದ್ದವು. ಅವೂ ಬಹುಪಾಲು ಹಳೇ ಪ್ಲಾಸ್ಟಿಕ್ಕಿನವು. 70 ದಾಟಿದ ಮೇಲೆ ಹಾಕಿಸಿಕೊಂಡವರಲ್ಲಿ ಜೀವಮಾನದಲ್ಲಿ ಮತ್ತೆ ಆಪರೇಷನ್ ಬೇಕಾಗೋದು ಸುಮಾರು ಇಪ್ಪತ್ತಕ್ಕೆ ಒಬ್ಬರಿಗೆ.

ಆಪರೇಷನ್ ದಿನ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸ್ತಾರೆ, ಚರ್ಮ ಕೊಯ್ಯೋ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯೋಟಿಕ್, ರಕ್ತಸ್ರಾವ ತಡೆಯೋಕೆ ಟ್ರಾನೆಕ್ಸಾಮಿಕ್ ಆಸಿಡ್. ಸಂಜೆಯೇ ಎಬ್ಬಿಸಿ ವಾಕರ್ ಹಿಡಿಸಿ ನಡೆಸ್ತಾರೆ. ಅಷ್ಟು ಬೇಗ ಯಾಕೆ ಪೀಡಿಸ್ತಾರೆ ಅಂತ ನೀನು ಜಗಳಕ್ಕೆ ಹೋಗಬೇಡ. ಮಲಗಿದಷ್ಟೂ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟತ್ತೆ. ಇಲ್ಲಿ ಕೆಲವರನ್ನು ಅವತ್ತೇ ಮನೆಗೂ ಕಳಿಸ್ತಾರೆ, ನೀವು ಹಾಗೆ ಆತುರ ಮಾಡಬೇಡಿ.

ಮೊದಲ ಆರರಿಂದ ಹನ್ನೆರಡು ವಾರ, ಹಿಂದಿನಿಂದ ಮಾಡಿದ್ದರೆ, ಮೂರು ಮಾತು ಗೋಡೆ ಮೇಲೆ ಬರೆದು ಅಂಟಿಸು: ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಿ ಹೊರಳಬಾರದು. ನೆಲದ ಮೇಲೆ, ತಗ್ಗು ಕುರ್ಚಿ, ಕುಕ್ಕರಗಾಲು ಯಾವುದೂ ಇಲ್ಲ. ಕುರ್ಚಿಗೆ ಕೈ ಇರಲಿ, ಕಮೋಡಿಗೆ ಎತ್ತರಿಸೋ ಸೀಟು ತರಿಸು. ಮಲಗಿದಾಗ ತೊಡೆಗಳ ನಡುವೆ ದಿಂಬು. ಕೋಲು ಎಡಗೈಲಿ, ನೋವಿರೋ ಕಡೆ ಅಲ್ಲ. ಎಲ್ಲರೂ ಇದನ್ನೇ ತಪ್ಪು ಮಾಡೋದು. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಕಾಲು ಉದ್ದ ಆಗಿದೆ ಅಂತ ಖಂಡಿತ ಗೊಣಗ್ತಾರೆ. ವರ್ಷಗಳಿಂದ ಕುಗ್ಗಿದ್ದ ಕೀಲು ಸರಿಯಾದಾಗ, ಬಿಗಿದ ಸ್ನಾಯು ಸೊಂಟದ ಎಲುಬನ್ನು ಓರೆ ಎಳೆದಿರತ್ತೆ, ಅದು ತಾನಾಗಿ ಸಡಿಲ ಆಗತ್ತೆ. ಮೂರು ತಿಂಗಳು ಚಪ್ಪಲಿ ಎತ್ತರಿಸೋಕೆ ಹೋಗಬೇಡಿ.

ಮೀನಖಂಡ ಊದಿ ನೋವು, ಏದುಸಿರು, ಎದೆನೋವು ಇದ್ದರೆ ತಕ್ಷಣ ಆಸ್ಪತ್ರೆ. ಧಡಕ್ಕನೆ ನೋವಾಗಿ ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿದರೆ ಚೆಂಡು ಜಾರಿದೆ, ನಿಲ್ಲಿಸೋಕೆ ಹೋಗದೆ ಮಲಗಿಸಿಯೇ ಕರೆದುಕೊಂಡು ಹೋಗಿ. ವಾರವಾದರೂ ಗಾಯ ಒಸರ್ತಿದ್ದರೆ ಪಕ್ಕದ ಮೆಡಿಕಲ್ ಸ್ಟೋರಿನ ಆಂಟಿಬಯೋಟಿಕ್ ನುಂಗಿಸಬೇಡ, ಆಪರೇಷನ್ ಮಾಡಿದವರಿಗೇ ತೋರಿಸು. ಮಾತ್ರೆ ನುಂಗಿದರೆ ಯಾವ ಬ್ಯಾಕ್ಟೀರಿಯಾ ಅಂತ ಲ್ಯಾಬಿನ ಕಲ್ಚರ್ ಪರೀಕ್ಷೆಯಲ್ಲಿ ಗೊತ್ತಾಗದ ಹಾಗೆ ಆಗತ್ತೆ.

ಇಷ್ಟೆಲ್ಲ ಬರೆದು ನಿನ್ನನ್ನು ಹೆದರಿಸಿದೆನೋ ಏನೋ. ಹೆದರೋದು ಏನೂ ಇಲ್ಲ, ನಿಜವಾಗಲೂ ಇಲ್ಲ. ಪ್ರಪಂಚದಲ್ಲಿ ಇಷ್ಟು ಚೆನ್ನಾಗಿ ಫಲ ಕೊಡೋ ಆಪರೇಷನ್ ಬೆರಳೆಣಿಕೆ. ಅಪ್ಪ ನಡೀತಾರೆ, ರಾತ್ರಿ ನಿದ್ದೆ ಮಾಡ್ತಾರೆ, ಉಗುರೂ ಕತ್ತರಿಸ್ಕೋತಾರೆ. ದುಡ್ಡಿನ ಯೋಚನೆ ನಿನಗೆ ಬೇಡ, ಭಾವನಿಗೂ ಬೇಡ, ಅದು ನನಗಿರಲಿ. ಹೊಸ ಡೇಟಿಗೆ ನಾನು ರಜಾ ಹಾಕಿ ಬರ್ತೀನಿ. ಇಂಜೆಕ್ಷನ್ ಹಾಕಿಸಿದ ತಾರೀಖು ಮಾತ್ರ ಚೀಟಿ ನೋಡಿ ಹೇಳು, ಅಂದಾಜಿನಲ್ಲಿ ಬೇಡ.

ಅಮ್ಮನಿಗೆ ನಮಸ್ಕಾರ ಹೇಳು. ಡ್ಯೂಟಿಗೆ ಹೊತ್ತಾಯ್ತು, ಬಸ್ಸು ಹೋದರೆ ಇನ್ನು ಅರ್ಧ ಗಂಟೆ. ನಾಳೆ ಫೋನ್ ಮಾಡಿ ಡಾಕ್ಟರು ಏನಂದ್ರು ಅಂತ ತಿಳಿಸು.

ನಿನ್ನ,
ರಘು